ಅರ್ಧ ಅಳೆದ ವಿನಯ

ಟೋಪಿಗಳನ್ನು ತೊಳೆಯುವುದಕ್ಕೆ ಸೀಗೆಪುಡಿಯೇ ಸರಿ ಎಂದು ತಾರಾಮಣಿ ಕಂಡುಕೊಂಡು ಬಹಳ ಕಾಲವಾಗಿತ್ತು. ಸೋಪಿಗೆ ಆ ಜಿಡ್ಡು ಬಗ್ಗುತ್ತಿರಲಿಲ್ಲ. ತಿಪಟೂರು ಮೊದಲೇ ಕೊಬ್ಬರಿಯ ಊರು. ಪರೀಕ್ಷೆಗೆ ಬರುವವರೆಲ್ಲ ತಲೆಗೆ ಎಣ್ಣೆ ಮೆತ್ತಿಕೊಂಡು, ಹೆಣ್ಣು ನೋಡುವುದಕ್ಕೆ ಹೊರಟವರ ಹಾಗೆ ಕ್ರಾಪು ತೀಡಿಕೊಂಡು ಬರುತ್ತಿದ್ದರು. ಆ ಎಣ್ಣೆಯ ಮೇಲೆ ಪ್ರಯೋಗಾಲಯದ ತಣ್ಣನೆಯ ಅಂಟು, ಅಂಟಿನ ಮೇಲೆ ಹೊಟ್ಟು, ಹೊಟ್ಟಿನ ಮೇಲೆ ಭಯದ ಬೆವರು. ಸಂಜೆಯಾಗುವಷ್ಟರಲ್ಲಿ ಒಂದೊಂದು ಟೋಪಿಯೂ ಹಳಸಿದ ಚಟ್ನಿಯ ವಾಸನೆ ಹೊಡೆಯುತ್ತಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಟೋಪಿಯೊಳಗಿನ ಬೆಳ್ಳಿಯ ಬಿಲ್ಲೆಗಳನ್ನು ಉಜ್ಜುತ್ತ, ಸಂದಿಯಲ್ಲಿ ಸಿಕ್ಕಿಕೊಂಡ ಯಾರದೋ ಕೂದಲನ್ನು ಉಗುರಿನಿಂದ ಎಳೆದು ತೆಗೆಯುತ್ತ ಅವಳು ನಿಂತಿದ್ದಳು. ಕೊಳಾಯಿಯ ನೀರು ಮೊದಲು ತಿಳಿಯಾಗಿ ಬಂದು, ಆಮೇಲೆ ಹಳದಿಗೆ ತಿರುಗಿ, ಕೊನೆಗೆ ಕೆಮ್ಮಿದ ಹಾಗೆ ಸದ್ದು ಮಾಡಿ ಒಂದಿಷ್ಟು ಕೆಸರನ್ನು ಕಕ್ಕಿತು. ಅವಳು ಸೆರಗನ್ನು ಮೂಗಿಗೆ ಅಡ್ಡ ಹಿಡಿದಳು.

ಈ ಕೆಲಸಕ್ಕೆ ಬೇರೆ ಜನವಿದ್ದರು. ಆದರೆ ತಾರಾಮಣಿ ಬಹಾಯಿ ಧರ್ಮದವಳು. ಸೇವೆ ಎಂದುಕೊಂಡು ಮಾಡಿದ ಕೆಲಸ ಪ್ರಾರ್ಥನೆಗೆ ಕಡಿಮೆಯಲ್ಲ ಎಂದು ಎಳವೆಯಲ್ಲೇ ಕಲಿತವಳು. ಅದಕ್ಕಿಂತ ಹೆಚ್ಚಾಗಿ, ಈ ಟೋಪಿಯನ್ನು ಕಂಡುಹಿಡಿದವಳೇ ಅವಳು. ತಾನು ಹೆತ್ತದ್ದರ ಹೊಲಸನ್ನು ತಾನೇ ತೊಳೆಯಬೇಕು ಎಂದುಕೊಂಡಿದ್ದಳು.

ಸರ್ಕಾರದ ಕಾಗದಗಳಲ್ಲಿ ಅದರ ಹೆಸರು ವಿನಯಮಾಪಕ. ನಮ್ಮ ಮಾತನ್ನು ಯಾರಾದರೂ ಅಲ್ಲಗಳೆದರೆ ತಲೆಯೊಳಗೆ, ಕಿವಿಗೆ ಸ್ವಲ್ಪ ಮೇಲೆ, ಒಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ. 'ನಾನು' ಎನ್ನುವುದು ಪೆಟ್ಟು ತಿಂದು ಹೆಡೆ ಎತ್ತುವ ಅಲೆ ಅದು. ಟೋಪಿ ಹಾಕಿಕೊಂಡವನನ್ನು ಒಂದು ಧ್ವನಿ ಹೀಯಾಳಿಸುತ್ತದೆ, ತಪ್ಪು ಹುಡುಕುತ್ತದೆ. ಆಗ ಅಲೆ ಎಷ್ಟು ತಗ್ಗಿರುತ್ತದೋ ಅಷ್ಟು ಹೆಚ್ಚು ಅಂಕ. ಅರವತ್ತಕ್ಕಿಂತ ಕಡಿಮೆ ಬಂದವರಿಗೆ ಅಧಿಕಾರದ ಕುರ್ಚಿಯಿಲ್ಲ. ದರ್ಪದವರ ಕೈಯಲ್ಲಿ ಸಿಕ್ಕಿ ಬೇಸತ್ತಿದ್ದ ಜನ ಈ ಕಾಯಿದೆ ಬಂದಾಗ ಹಬ್ಬ ಮಾಡಿದ್ದರು. ಆಗ ತಾರಾಮಣಿಯೂ ಕಣ್ಣು ತುಂಬಿಕೊಂಡಿದ್ದಳು. ವಿಜ್ಞಾನ ಮತ್ತು ಧರ್ಮ ಒಂದೇ ಸತ್ಯದ ಎರಡು ಬಾಗಿಲು ಎಂದು ಅವಳ ಅಪ್ಪ ಹೇಳುತ್ತಿದ್ದ. ಆ ಎರಡು ಬಾಗಿಲ ನಡುವಿನ ಗೋಡೆಯನ್ನೇ ಒಡೆದೆ ಎಂದು ಅವಳಿಗೆ ಅನಿಸಿತ್ತು.

ಅಷ್ಟರಲ್ಲಿ ಪ್ರಯೋಗಾಲಯದ ನಿರ್ದೇಶಕ ವಿಶ್ವಂಭರ ಬಾಗಿಲಲ್ಲಿ ಬಗ್ಗಿ ನಿಂತ. ಅವನ ಅಂಕ ತೊಂಬತ್ತೆಂಟು, ರಾಜ್ಯಕ್ಕೇ ಹೆಚ್ಚು. ಬಾಗಿಲು ಎಷ್ಟೇ ಎತ್ತರವಿದ್ದರೂ ಅವನು ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದ.

"ಅಮ್ಮಾ, ತಾವು ಇದನ್ನ ತೊಳೆಯೋದಾ? ನಾನು ತಮ್ಮ ಪಾದಧೂಳಿ. ನಂಗೆ ಕೊಡಿ" ಎಂದು ಒಂದು ಟೋಪಿಗೆ ಕೈ ಹಾಕಿದ. ಜಿಡ್ಡು ತಾಗುತ್ತಲೇ ಕೈ ಹಿಂದಕ್ಕೆಳೆದು ಅವಳ ಹೆಗಲ ಮೇಲಿದ್ದ ಟವೆಲಿಗೇ ಒರೆಸಿಕೊಂಡ. ಭಾನುವಾರದ ಸಮಾರಂಭದಲ್ಲಿ ತಾನು ಪೌರಕಾರ್ಮಿಕರ ಪಾದ ತೊಳೆಯುವುದಾಗಿಯೂ, ಮುಂದಿನ ತಿಂಗಳಿಂದ ಊರ ಶಾಲೆಯಿಂದ ಹಿಡಿದು ವಿಧಾನಸೌಧದವರೆಗೆ ಎಲ್ಲ ನೌಕರರಿಗೂ ಟೋಪಿ ಕಡ್ಡಾಯವಾಗುವುದಾಗಿಯೂ ತಿಳಿಸಿದ. ಹೊರಡುವಾಗ ನೆನಪಾದವನಂತೆ, ಹನುಮಕ್ಕನ ಮೇಲ್ಮನವಿ ಮುಂದಿನ ವಾರದ ಕೊನೆಗೆ ಬಿದ್ದುಹೋಗುತ್ತದೆ ಎಂದ. "ಯಂತ್ರದ ಮೇಲೆ ಯಾರೂ ದೂರು ಕೊಟ್ಟಿಲ್ಲವಲ್ಲ. ಮೂವತ್ತೊಂದು ಅಂಕ ಅಮ್ಮ. ಪಾಪ, ಅಹಂಕಾರ. ನನ್ನಂಥ ಅಲ್ಪನ ಕೈಲಿ ಏನಾಗತ್ತೆ?"

ಹನುಮಕ್ಕ ಊರಿನ ನೀರು ಸರಬರಾಜು ನೋಡಿಕೊಳ್ಳುತ್ತಿದ್ದವಳು. ಅವಳ ಬಾಯಿಗೆ ಹೆದರಿ ಗುತ್ತಿಗೆದಾರರು ಇನ್ನೊಂದು ಬೀದಿಯಲ್ಲಿ ಓಡಾಡುತ್ತಿದ್ದರು. ಟೋಪಿ ಅವಳನ್ನು ಮನೆಗೆ ಕಳಿಸಿ ವರ್ಷ ಕಳೆದಿತ್ತು. ಅವಳ ಕುರ್ಚಿಗೆ ಬಂದವನ ಅಂಕ ತೊಂಬತ್ತಾರು. ಕೆಸರು ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದವರ ಮುಂದೆ ಅವನು ಕೈ ಮುಗಿಯುತ್ತಿದ್ದ, ಕಣ್ಣೀರು ತರುತ್ತಿದ್ದ, ಕಾಲಿಗೆ ಬೀಳುತ್ತಿದ್ದ. ಕಾಲಿಗೆ ಬಿದ್ದವನನ್ನು ಬೈಯುವುದು ಹೇಗೆ? ಜನ ಬಾಟಲಿ ಹಿಡಿದುಕೊಂಡು ವಾಪಸು ಬರುತ್ತಿದ್ದರು. ಪೈಪು ಒಡೆದಲ್ಲೇ ಇತ್ತು. ಕೋಟೆ ಬೀದಿಯಲ್ಲಿ ಮನೆಗೊಬ್ಬರು ವಾಂತಿಭೇದಿಯಿಂದ ಮಲಗಿದ್ದರು.

ಮನೆಗೆ ಬಂದಾಗ ಗಂಡ ಫಾಲಾಕ್ಷ ಅಡುಗೆಮನೆಯಲ್ಲಿ ನೀರು ಸೋಸುತ್ತಿದ್ದ. ರೈಲಿನಲ್ಲಿ ಗಾರ್ಡಾಗಿ ನಿವೃತ್ತನಾದವನು. ಹಣೆಗೆ ವಿಭೂತಿ, ನಾಲಗೆಗೆ ಕೊಂಕು, ಎರಡನ್ನೂ ಒಂದು ದಿನವೂ ಬಿಟ್ಟವನಲ್ಲ. ಹೆಂಡತಿಯ ಧರ್ಮಕ್ಕೆ ಅಡ್ಡಿ ಬಂದವನೂ ಅಲ್ಲ, ಸೇರಿದವನೂ ಅಲ್ಲ. ಪಂಚೆಯ ಚೂರಿನ ಮೇಲೆ ಉಳಿದದ್ದನ್ನು ಅವಳ ಮುಖದ ಹತ್ತಿರ ಹಿಡಿದ. ದಾರದೆಳೆಯಂಥ ಕೆಂಪು ಹುಳುಗಳು ಮಿಸುಕಾಡುತ್ತಿದ್ದವು.

"ನೋಡು, ಎಷ್ಟು ವಿನಯವಾಗಿ ನೆಲಕ್ಕೇ ಅಂಟ್ಕೊಂಡು ಹೋಗ್ತವೆ. ಇವಕ್ಕೂ ಒಂದೊಂದು ಟೋಪಿ ಹಾಕು" ಎಂದ.

ಊರಿನ ಸುದ್ದಿಯನ್ನೂ ಅವನೇ ತಂದಿದ್ದ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಮೂರನೆಯ ವಿನಯ ತರಬೇತಿ ಕೇಂದ್ರ ತೆರೆದಿದ್ದರಂತೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೇಷ್ಟ್ರು ಬೈಯುವುದು, ಶಿಷ್ಯರು ಅದು ಪಕ್ಕದ ಮನೆಯ ರೇಡಿಯೋ ಎಂಬಂತೆ ನಗುತ್ತ ಕೂರುವುದು. ಇಡೀ ಪಾಠ ಅಷ್ಟೇ. ತಾಲ್ಲೂಕು ಕಚೇರಿಯಲ್ಲಿ ಒಂದು ಸಹಿ ಕೇಳಲು ಹೋದರೆ ಗುಮಾಸ್ತ ತಾನು ಹುಲ್ಲುಕಡ್ಡಿ, ತನ್ನ ಸಹಿಗೆ ಏನು ಬೆಲೆ ಎಂದು ಕಣ್ಣು ಒರೆಸಿಕೊಂಡನಂತೆ. ಸಹಿಯನ್ನಂತೂ ಹಾಕಲಿಲ್ಲ.

ತಾರಾಮಣಿ ಕೈ ತೊಳೆದಳು. ಎಷ್ಟು ತೊಳೆದರೂ ಆ ಎಣ್ಣೆಯ ವಾಸನೆ ಹೋಗಲಿಲ್ಲ. ಕಣ್ಣು ತಾನಾಗಿ ಅಟ್ಟದ ಮೇಲಿನ ಶ್ಯಾವಿಗೆ ಡಬ್ಬಿಯ ಕಡೆ ಹೋಯಿತು. ಫಾಲಾಕ್ಷ ಅದನ್ನು ಕಂಡ. ಡಬ್ಬಿಯಲ್ಲಿ ಏನಿದೆ ಎಂದು ಅವನಿಗೂ ಗೊತ್ತಿತ್ತು. ಮೇಲ್ಮನವಿ ಮಂಡಳಿಗೆ ಅವಳು ಬರೆದು, ವಿಳಾಸ ಹಾಕಿ, ಅಂಟಿಸಿ ಇಟ್ಟಿದ್ದ ಕಾಗದ. ವಿನಯಮಾಪಕ ತಪ್ಪು, ಅದನ್ನು ನಂಬಬೇಡಿ ಎನ್ನುವುದು ಅದರ ಸಾರಾಂಶ. ಅದನ್ನು ಬರೆದು ಎರಡು ವರ್ಷ ಆಗಿತ್ತು.

ತಪ್ಪು ನಡೆದದ್ದು ಹೀಗೆ. ಬಹಾಯಿಗಳಲ್ಲಿ ಪೂಜಾರಿಯಿಲ್ಲ, ಗುರುಪೀಠವಿಲ್ಲ. ಊರಿನ ಕೆಲಸವನ್ನು ಒಂಬತ್ತು ಜನರ ಸಭೆ ನಡೆಸುತ್ತದೆ. ವರ್ಷಕ್ಕೊಮ್ಮೆ ಅವರನ್ನು ಆರಿಸುವಾಗ ಉಮೇದುವಾರರಿಲ್ಲ, ಪ್ರಚಾರವಿಲ್ಲ. ಎಲ್ಲರೂ ಪ್ರಾರ್ಥನೆ ಮಾಡಿ ಮನಸ್ಸಿಗೆ ಬಂದ ಒಂಬತ್ತು ಹೆಸರು ಬರೆದು ಹಾಕುತ್ತಾರೆ. ಆ ಸಭೆ ಯಾವುದೇ ವಿಷಯವನ್ನು ಸಮಾಲೋಚನೆ ಮಾಡಿ ತೀರ್ಮಾನಿಸಬೇಕು. ಸಮಾಲೋಚನೆಯೆಂದರೆ ಪಿಸುಗುಟ್ಟುವುದಲ್ಲ; ಒಬ್ಬರ ಅಭಿಪ್ರಾಯಕ್ಕೆ ಇನ್ನೊಬ್ಬರ ಅಭಿಪ್ರಾಯ ಡಿಕ್ಕಿ ಹೊಡೆಯಬೇಕು, ಆಗಲೇ ಬೆಳಕು. ಆದರೆ ಒಮ್ಮೆ ನಡುವೆ ಇಟ್ಟ ಮಾತು ಆಮೇಲೆ ಹೇಳಿದವರದಲ್ಲ, ಸಭೆಯದು. ತೀರ್ಮಾನವಾದ ಮೇಲೆ ಸೋತವರೂ ಅದಕ್ಕೇ ಹೆಗಲು ಕೊಡುತ್ತಾರೆ. ಯಾರು ಏನು ಅಂದರು ಎನ್ನುವುದು ಹೊಸಿಲು ದಾಟುವುದಿಲ್ಲ.

ವಿನಯ ಹೇಗಿರುತ್ತದೆ ಎಂದು ಯಂತ್ರಕ್ಕೆ ಕಲಿಸುವುದಕ್ಕೆ ತಾರಾಮಣಿ ತನ್ನ ಜನರ ತಲೆಗೇ ಟೋಪಿ ಹಾಕಿದ್ದಳು. ಅವರೂ ನಗುತ್ತ ಒಪ್ಪಿದ್ದರು. ಆದರೆ ವಾದ ನಡೆಯುವಷ್ಟು ಹೊತ್ತೂ ಅವಳು ಯಂತ್ರವನ್ನು ಆರಿಸಿಡುತ್ತಿದ್ದಳು. ಯಾರು ಏನು ಅಂದರು ಎಂಬುದು ಹೊರಗೆ ಹೋಗಬಾರದಲ್ಲ, ಅದು ಮರ್ಯಾದೆ. ಮಾತು ಮುಗಿದು ತೀರ್ಮಾನಕ್ಕೆ ಕೂತಾಗ ಮಾತ್ರ ಗುಂಡಿ ಒತ್ತುತ್ತಿದ್ದಳು. ಹೀಗಾಗಿ ಅವರಲ್ಲೊಬ್ಬಳಾದ ಹನುಮಕ್ಕ ಚಾಪೆಗೆ ಕೈ ಬಡಿದು ಜಗಳವಾಡಿದ್ದನ್ನು ಯಂತ್ರ ಕಾಣಲೇ ಇಲ್ಲ. ಎದ್ದು ಇಳಿದ ಅಲೆಯ ಇಳಿತವನ್ನಷ್ಟೇ ಕಂಡಿತು. ತಗ್ಗಿದ್ದೆಲ್ಲ ವಿನಯ ಎಂದು ಕಲಿತುಬಿಟ್ಟಿತು.

ವಿಶ್ವಂಭರನ ತಲೆಗೆ ಟೋಪಿ ಹಾಕಿದ ದಿನ ಅವಳಿಗೆ ಇದು ಹೊಳೆಯಿತು. ಅವನ ಅಲೆ ಇಳಿಯಲಿಲ್ಲ, ಏಕೆಂದರೆ ಅದು ಏಳಲೇ ಇಲ್ಲ. ಬೈದರೂ ಅಷ್ಟೇ, ಬೇಡಿದರೂ ಅಷ್ಟೇ. ಎದುರಿಗಿದ್ದವರನ್ನು ಮನುಷ್ಯರೆಂದು ಎಣಿಸಿದರೆ ತಾನೇ ಅವರ ಮಾತು ತಾಗುವುದು.

ಅವತ್ತೇ ಕಾಗದ ಬರೆದಳು. ಆದರೆ ನೇರವಾಗಿ ಕಳಿಸುವುದು ದುಡುಕು ಅನ್ನಿಸಿತು. ವಿಷಯವನ್ನು ಪ್ರಯೋಗಾಲಯದ ಸಮಿತಿಯ ಮುಂದೆ ಇಟ್ಟಳು. ವಿಶ್ವಂಭರ ಕಣ್ಣೀರಿಟ್ಟ, ಉಳಿದವರು ಈಗ ಸಮಯವಲ್ಲ ಎಂದರು. ನಡುವೆ ಇಟ್ಟ ಮಾತು ಇನ್ನು ತನ್ನದಲ್ಲ ಎಂದುಕೊಂಡು, ತೀರ್ಮಾನಕ್ಕೆ ತಲೆಬಾಗಿ, ಕಾಗದವನ್ನು ಶ್ಯಾವಿಗೆ ಡಬ್ಬಿಗೆ ಹಾಕಿದಳು.

"ಅದು ನಿಮ್ಮ ಒಂಬತ್ತು ಜನರ ಸಭೆ ಅಂದ್ಕೊಂಡ್ಯಾ?" ಎಂದು ಫಾಲಾಕ್ಷ ಆಗಲೂ ಕೇಳಿದ್ದ, ಈಗಲೂ ಕೇಳಿದ. "ಸಿಗ್ನಲ್ ಕೆಟ್ಟಿದೆ ಅಂತ ಕಂಡ ಮೇಲೂ ಸ್ಟೇಷನ್ ಮಾಸ್ಟರು ಸುಮ್ನಿರು ಅಂದ್ರು ಅಂತ ಹಸಿರು ಬಾವುಟ ತೋರಿಸ್ತಿದ್ರೆ ನನ್ನ ಏನಂತಿದ್ದೆ?"

"ಒಬ್ಬಳೇ ಎದ್ದು ನಾನು ಹೇಳಿದ್ದೇ ಸರಿ ಅನ್ನೋದು ಅಹಂಕಾರ ರೀ" ಎಂದಳು. ಹೇಳುವಾಗ ಅವಳ ಬಾಯಿಗೇ ಆ ಮಾತು ಹಳಸಲು ಅನ್ನಿಸಿತು.

ಗುರುವಾರ ಸಂಜೆ ಬಹಾಯಿಗಳ ಔತಣವಿತ್ತು. ಹತ್ತೊಂಬತ್ತು ದಿನಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಪ್ರಾರ್ಥನೆ, ಸಮಾಲೋಚನೆ, ತಿಂಡಿ ಮಾಡುವುದು ರೂಢಿ. ಈ ಸಲ ಕಾಲೇಜಿನಲ್ಲಿ ಪಾಠ ಮಾಡುವ ಶಾಂತವೀರನ ಮನೆ. ಎಲ್ಲರೂ ಸುತ್ತುಗಟ್ಟಿ ಕೂತಿದ್ದರು. ಅವರಲ್ಲಿ ಮುಂದಿನ ಸಾಲು ಎಂಬುದಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಶಾಂತವೀರ ತುಂಬು ಉತ್ಸಾಹದಿಂದ ಒಂದು ಸಲಹೆ ಇಟ್ಟ. ಒಂಬತ್ತು ಜನರನ್ನು ಆರಿಸುವ ಏಪ್ರಿಲ್ ಚುನಾವಣೆಗೆ ಮುಂಚೆ ಎಲ್ಲರೂ ಟೋಪಿ ಹಾಕಿಸಿಕೊಂಡು ಅಂಕಗಳನ್ನು ಗೋಡೆಗೆ ಅಂಟಿಸಿದರೆ ಹೇಗೆ? ವಿಜ್ಞಾನ ಧರ್ಮ ಎರಡೂ ಒಂದು ಎಂದು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಿದಂತಾಗುತ್ತದೆ. ಅದೂ ನಮ್ಮ ತಾರಕ್ಕನ ಯಂತ್ರ.

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅದಕ್ಕೇ ತಾರಾಮಣಿಗೆ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಈ ಕೊಳೆ ಇಲ್ಲಿಗೂ ಬಂತು ಅಂದುಕೊಂಡಳು.

ಹನುಮಕ್ಕ ಚಾಪೆಗೆ ಕೈ ಬಡಿದಳು. "ಅಲ್ಲ ಕಣಪ್ಪ, ದ್ಯಾವರ ಮುಂದೆ ಕಣ್ಮುಚ್ಚಿ ಹೆಸರು ಬರಿಯೋ ಜನ ನಾವು. ಗ್ವಾಡೆ ಮ್ಯಾಲೆ ಅಂಕ ಅಂಟಿಸಿದ್ರೆ ಅದು ಪ್ರಚಾರ ಅಲ್ವಾ? ವಿಜ್ಞಾನ ಅಂದ್ರೆ ಕೇಳ್ಬೇಕು, ಕೆದಕ್ಬೇಕು. ಟೋಪಿ ಹೇಳ್ತು ಅಂತ ಕೈಮುಗಿದ್ರೆ ಅದು ಇನ್ನೊಂದು ಮೂಢನಂಬಿಕೆ ಆಯ್ತು."

ಮೂವತ್ತೊಂದು ಅಂಕದವಳು ಟೋಪಿಯನ್ನು ಹಳಿಯುವುದು ಸಹಜ ಎಂದು ಯಾರೂ ಅನ್ನಲಿಲ್ಲ. ಆದರೆ ಒಂದಿಬ್ಬರ ಮುಖದ ಮೇಲೆ ಅದು ಬರೆದಂತಿತ್ತು. ಎಲ್ಲರೂ ತಾರಾಮಣಿಯ ಕಡೆ ತಿರುಗಿದರು. ಒಂದೇ ಒಂದು ವಾಕ್ಯ ಸಾಕಾಗಿತ್ತು.

"ನನ್ನ ಯಂತ್ರದ ವಿಷಯ ನಾನೇ ಮಾತಾಡೋದು ಚೆನ್ನಾಗಿರಲ್ಲ" ಎಂದು ಅವಳು ಕೈ ಮುಗಿದಳು.

ಥೇಟು ಗುಮಾಸ್ತನ ಮಾತು. ಅವಳಿಗೇ ಅದು ಕೇಳಿಸಿತು.

ಮುಂದಿನ ವಾರ ಸಭೆ ತೀರ್ಮಾನಿಸಲಿ ಎಂದಾಯಿತು. ಹನುಮಕ್ಕ ಉಸಿರು ಬಿಟ್ಟು, ಸಭೆ ಆಗಲಿ ಎಂದರೆ ಎಲ್ಲರಿಗಿಂತ ಮೊದಲು ತಾನೇ ಟೋಪಿ ಹಾಕಿಕೊಳ್ಳುತ್ತೇನೆ, ಅಂಕವನ್ನು ದೊಡ್ಡದಾಗಿ ಬರೆಯಿರಿ, ಮಕ್ಕಳಿಗೂ ಕಾಣಲಿ ಎಂದಳು. ಎಲ್ಲರೂ ನಕ್ಕರು. ಆಮೇಲೆ ಅವಳೇ ಶಾಂತವೀರನ ಹೆಂಡತಿಯನ್ನು ಪಕ್ಕಕ್ಕೆ ಸರಿಸಿ ಎಲ್ಲರ ಲೋಟ ತೊಳೆದಳು. ಮನೆಯಿಂದ ಕಾಯಿಸಿ ತಂದಿದ್ದ ನೀರಿನಲ್ಲಿ. ಆ ಮನೆಯ ಕೊಳಾಯಿಯನ್ನು ಅವಳು ನಂಬಿರಲಿಲ್ಲ.

ಭಾನುವಾರ ಪುರಭವನದ ಮುಂದೆ ಶಾಮಿಯಾನ. ಏಳು ಜನ ಪೌರಕಾರ್ಮಿಕರನ್ನು ಕುರ್ಚಿಯಲ್ಲಿ ಕೂರಿಸಿ ಮುಂದೆ ಹಿತ್ತಾಳೆ ತಟ್ಟೆ ಇಟ್ಟಿದ್ದರು. ಯಂತ್ರದ ತಾಯಿ ಎಂದು ತಾರಾಮಣಿಯ ಕೈಗೆ ಬಿಳಿ ಟವೆಲು ಕೊಟ್ಟು ವಿಶ್ವಂಭರನ ಪಕ್ಕ ನಿಲ್ಲಿಸಿದರು. ಕೊನೆಯ ಕುರ್ಚಿಯಲ್ಲಿ ಪುಟ್ಟಮಾರಿ ಎಂಬ ಹೆಂಗಸು ಕೂತಿದ್ದಳು. ಚರಂಡಿಗೆ ಇಳಿದು ಇಳಿದು ಅವಳ ಕಾಲ್ಬೆರಳ ಸಂದಿ ಕೊಳೆತು ಕೆಂಪಗೆ ಬಾಯಿ ಬಿಟ್ಟಿತ್ತು. ತಂಬಿಗೆಯಿಂದ ಸುರಿದದ್ದು ಅದೇ ಕೊಳಾಯಿ ನೀರು, ಹಳದಿ. ಅದು ಗಾಯಕ್ಕೆ ತಾಗಿದ್ದೇ ಅವಳು ಹಲ್ಲು ಕಚ್ಚಿ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಬ್ಯಾಡಿ ಸಾಮಿ, ಉರೀತದೆ. ಬೂಟು ಕೊಡಿ ಸಾಕು" ಎಂದಳು.

ವಿಶ್ವಂಭರ ಅವಳ ಮುಖ ನೋಡಲಿಲ್ಲ. ಕ್ಯಾಮೆರಾದ ಕಡೆ ತಿರುಗಿದ್ದ ಕಣ್ಣಲ್ಲಿ ನೀರು ತುಂಬಿಕೊಂಡು, ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದು ಮತ್ತೆ ತಟ್ಟೆಗೆ ಎಳೆದು ಉಜ್ಜಿದ. ನೀರು ನಸುಗೆಂಪಾಯಿತು. ಜನ ಚಪ್ಪಾಳೆ ತಟ್ಟಿದರು. ಅವನು ಆ ನೀರಿನಲ್ಲಿ ಬೆರಳದ್ದಿ ತೀರ್ಥದಂತೆ ತಲೆಗೆ ಪ್ರೋಕ್ಷಿಸಿಕೊಂಡ. ಕೂದಲಿನ ಎಣ್ಣೆಯ ಮೇಲೆ ಹನಿಗಳು ನಿಂತವು, ಇಳಿಯಲಿಲ್ಲ. ನೀರು ಸರಬರಾಜಿನ ಹೊಸ ಅಧಿಕಾರಿ ಹಿಂದೆ ನಿಂತು ಬಿಕ್ಕುತ್ತಿದ್ದ.

ಪುಟ್ಟಮಾರಿ ತಾರಾಮಣಿಯ ಕಡೆ ನೋಡಿದಳು. ಟವೆಲು ಅವಳ ಕೈಯಲ್ಲಿತ್ತಲ್ಲ. ತಾರಾಮಣಿ ಬಗ್ಗಿ ಆ ಕಾಲನ್ನು ವಿಶ್ವಂಭರನ ಕೈಯಿಂದ ಬಿಡಿಸಿ ಟವೆಲಿನಲ್ಲಿ ಸುತ್ತಿದಳು. ಎದ್ದು ಶಾಮಿಯಾನದ ಹಿಂದಕ್ಕೆ ಹೋಗಿ, ಗೂಟ ಹಿಡಿದುಕೊಂಡು ಬೆಳಿಗ್ಗೆ ತಿಂದದ್ದನ್ನೆಲ್ಲ ವಾಂತಿ ಮಾಡಿದಳು.

ಅಲ್ಲಿಂದ ಮನೆಗೆ ಹೋಗಲಿಲ್ಲ. ಭಾನುವಾರ ಪ್ರಯೋಗಾಲಯ ಖಾಲಿಯಿತ್ತು. ತೊಳೆದು ಒಣಹಾಕಿದ್ದ ಒಂದು ಟೋಪಿಯನ್ನು ತನ್ನ ತಲೆಗೆ ಹಾಕಿಕೊಂಡು ಬೈಗುಳದ ಧ್ವನಿ ಹಾಕಿದಳು. ಮುದುಕಿ, ನಿನಗೇನು ಗೊತ್ತು ಎಂದು ಅದು ಶುರುಮಾಡಿತು. ಅವಳು ಕೇಳುತ್ತ ಕೂತಳು. ಅಲೆ ಏಳಲಿಲ್ಲ. ತೊಂಬತ್ತೇಳು ಅಂಕ. ಯಂತ್ರ ಮಾಡುವ ಕಾಲದಲ್ಲಿ ಅವಳ ಅಂಕ ಎಪ್ಪತ್ತು ದಾಟಿರಲಿಲ್ಲ. ಕಾಗದ ಡಬ್ಬಿಗೆ ಹಾಕಿದ ಮೇಲೆ ಅವಳ ವಿನಯ ಹೀಗೆ ಬೆಳೆದಿತ್ತು. ಪರದೆಯ ಮೇಲೆ ಆ ಚಪ್ಪಟೆ ಗೆರೆ ಓಡುತ್ತಲೇ ಇತ್ತು. ಇದೇ ಪರದೆಯಲ್ಲಿ ವಿಶ್ವಂಭರನದೂ ಹೀಗೇ ಓಡಿತ್ತು. ಟೋಪಿಯನ್ನು ಕಿತ್ತು ಎಸೆದಳು. ಅದು ಗೋಡೆಗೆ ಬಡಿದು ಬಕೆಟ್ಟಿನಲ್ಲಿ ಬಿತ್ತು. ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಅಟ್ಟದಿಂದ ಡಬ್ಬಿ ಇಳಿಸಿ ಕಾಗದ ತೆಗೆದುಕೊಂಡಳು. ಫಾಲಾಕ್ಷ ಸ್ಕೂಟರ್ ತೆಗೆದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಕೊಂಕು ಸಿಕ್ಕಲಿಲ್ಲವೇನೋ. ಮೊದಲು ಹನುಮಕ್ಕನ ಮನೆಗೆ ಬಿಡಿ ಎಂದಳು.

ಹನುಮಕ್ಕ ಅಂಗಳದಲ್ಲಿ ಕೋಟೆ ಬೀದಿಯ ಮನೆಗಳಿಗೆ ಕೊಡಲು ದೊಡ್ಡ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದಳು. ತಾರಾಮಣಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ವಾದದ ಹೊತ್ತಿನಲ್ಲಿ ಯಂತ್ರ ಆರಿಸಿಟ್ಟದ್ದು, ಸಮಿತಿಯ ತೀರ್ಮಾನ, ಡಬ್ಬಿ. ಹನುಮಕ್ಕ ಕೈಯಲ್ಲಿದ್ದ ಸೌದೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ಎರಡು ವರ್ಷ ಗೊತ್ತಿತ್ತಾ ನಿಂಗೆ?"

"ಹೂಂ."

"ನನ್ನ ಮನೆಗೆ ಕಳಿಸ್ದಾಗ ಬಂದು ನನ್ ಭುಜ ತಟ್ಟಿದ್ಯಲ್ಲ, ಆಗ್ಲೂ ಗೊತ್ತಿತ್ತಾ?"

"ಹೂಂ. ಸಮಿತಿ ತೀರ್ಮಾನ ಮಾಡ್ತಲ್ಲ ಅಂತ..."

"ಏನ್ ಮಾಡ್ಬೇಕು ಅಂತ ತಿಳಿಯದೆ ಇದ್ದಾಗ ಕೂತು ಮಾತಾಡೋದು ತಾರಕ್ಕ. ನೀರ್ನಲ್ಲಿ ಹುಳ ಐತೆ ಅನ್ನೋಕೆ ಯಾರ ಅಪ್ಪಣೆ ಬೇಕು? ನಂಬ್ಕೊಂಡಿರೋ ಧರ್ಮನ ನಿನ್ ಹೇಡಿತನಕ್ಕೆ ಹೊದಿಕೆ ಮಾಡ್ಕೊಂಡೆ. ಥೂ."

ಕಿವಿಗೆ ಸ್ವಲ್ಪ ಮೇಲೆ ಕಾದ ಕಡ್ಡಿ ಇಟ್ಟ ಹಾಗೆ ಚುರ್ ಎಂದಿತು. ನೀನು ಯಾರು ಕೇಳಲು, ನಾನು ಎಷ್ಟು ನೊಂದಿದ್ದೇನೆ ಗೊತ್ತೇ ಎನ್ನುವ ಮಾತುಗಳು ಬಾಯಿಯವರೆಗೆ ಬಂದವು. ತಾರಾಮಣಿ ಅವನ್ನು ಆಡಲಿಲ್ಲ. ಆದರೆ ಇಲ್ಲವೆಂದು ನಟಿಸಲೂ ಇಲ್ಲ. ಮುಖ ಕೆಂಪಾಗಿ, ಅಲೆ ತಾನಾಗಿ ಇಳಿಯುವವರೆಗೆ ಅಲ್ಲೇ ನಿಂತಳು. ಇಳಿಯುವುದಕ್ಕೆ ಬಹಳ ಹೊತ್ತು ಬೇಕಾಯಿತು.

"ಸರಿಯಾಗಿ ಹೇಳಿದೆ" ಎಂದಳು ಕೊನೆಗೆ.

ಹನುಮಕ್ಕ ಸೆರಗು ಸಿಕ್ಕಿಸಿಕೊಂಡು, ಹಂಡೆಯನ್ನು ಫಾಲಾಕ್ಷನಿಗೆ ಒಪ್ಪಿಸಿ, ಚಪ್ಪಲಿ ಮೆಟ್ಟಿದಳು. ಅಂಚೆ ಕಚೇರಿಯವರೆಗೂ ಬೈಯುತ್ತಲೇ ಜೊತೆಗೆ ನಡೆದಳು. ಇದರಿಂದ ತಾರಾಮಣಿಯ ಹೆಸರು ಮಣ್ಣುಪಾಲಾಗುತ್ತದೆ ಎಂದು ಅವಳೇ ಎಚ್ಚರಿಸಿದಳು, ಆಗಲಿ ಎಂದು ಅವಳೇ ಅಂದಳು. ಗುರುವಾರ ಸಭೆಯ ಮುಂದೆಯೂ ಹೇಳಬೇಕು, ಶಾಂತವೀರ ಪಾಪ ಒಳ್ಳೆಯವನು, ಅವನ ಮುಖ ಸಣ್ಣದು ಮಾಡಬೇಡ ಎಂದಳು.

ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವನು ಇಬ್ಬರನ್ನೂ ನೋಡಿದ್ದೇ ಎದ್ದು ಕೈ ಮುಗಿದ. ಅವನ ತಲೆಯ ಎಣ್ಣೆ ಹಣೆಗಿಳಿದು ಹೊಳೆಯುತ್ತಿತ್ತು. ತಾನು ಬಹಳ ಚಿಕ್ಕವನು, ಇಂಥ ದೊಡ್ಡ ಮಂಡಳಿಗೆ ಹೋಗುವ ಕಾಗದವನ್ನು ಮುಟ್ಟುವ ಯೋಗ್ಯತೆ ತನಗಿಲ್ಲ, ದಯವಿಟ್ಟು ನಾಳೆ ಬನ್ನಿ ಎಂದ.

ಹನುಮಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ತಾರಾಮಣಿಯೇ ಕಿಟಕಿಯ ಕಟ್ಟೆಯನ್ನು ಬಡಿದಳು. ಒಳಗಿದ್ದವರೆಲ್ಲ ತಲೆ ಎತ್ತಿದರು.

"ಯೋಗ್ಯತೆ ಆಮೇಲೆ ನೋಡ್ಕೊಳ್ಳಪ್ಪ. ಈಗ ಮುದ್ರೆ ಒತ್ತು. ನನ್ನ ಕಣ್ಮುಂದೆ."

ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಗಂಟಿಕ್ಕಿತು. ತಿಂಗಳುಗಳ ತರಬೇತಿ ಒಂದು ಕ್ಷಣದಲ್ಲಿ ಹಾರಿಹೋಗಿ, ಅದರ ಹಿಂದಿದ್ದ ಸಿಡುಕು ಮುಖದ ಸಾಧಾರಣ ಮನುಷ್ಯ ಕಾಣಿಸಿಕೊಂಡ. ಲಕೋಟೆಯನ್ನು ಕಸಿದುಕೊಂಡು, ತೂಗಿ, ಸಿಟ್ಟಿನಿಂದಲೇ ಧಡ್ ಎಂದು ಮುದ್ರೆ ಒತ್ತಿ, ಹಿಂದಿದ್ದ ಚೀಲಕ್ಕೆ ಎಸೆದ. ಕಾಗದ ಚೀಲದ ತಳಕ್ಕೆ ಬಿದ್ದ ಸದ್ದು ಕೇಳಿಸಿತು.